ಪಾಪ್ಲರ್ ಮರ ಬಿದ್ದ ಮೇಲೆ ವೆಲ್ಡಾ ಅವರ ಐರಿಸ್

ಪಾಸ್ಟರ್ ಬ್ಯಾಕ್‌ಸ್ಟರ್ ಅವರೇ, ವೆಲ್ಡಾ ಅವರ ಮಗಳು ರೆಂಡಾ, ತಮ್ಮ ಹಾಬರ್ಟ್ ಅವರೇ, ನಮ್ಮ ಶಾಲಾ ಬಸ್ಸಿನ ಡ್ರೈವರ್ ಬಳಗದವರೇ, ವೆಲ್ಡಾ ಅವರನ್ನು ನೆನೆಯಲು ಕಣಿವೆಯ ಮೇಲಿನಿಂದಲೂ ಕೆಳಗಿನಿಂದಲೂ ಬಂದಿರುವ ಬಂಧುಗಳೇ — ಎಲ್ಲರಿಗೂ ವಂದನೆಗಳು.

ನಾನು ಟ್ರೂಲಾ. ಬಸ್ ಶೆಡ್ಡಿನಲ್ಲಿ ವೆಲ್ಡಾ ಅವರ ಬಸ್ಸಿನ ಪಕ್ಕದ ಬಸ್ಸು ನನ್ನದು. ಚಳಿಗಾಲದ ಬೆಳಗ್ಗೆ ಇಂಜಿನ್ ಬಿಸಿಯಾಗುವವರೆಗೆ ಇಬ್ಬರೂ ಕಿಟಕಿ ಇಳಿಸಿ ಮಾತಾಡುತ್ತಿದ್ದೆವು. ಮಾತು ಎಲ್ಲಿಂದಲೇ ಶುರುವಾಗಲಿ — ನನ್ನ ಗಂಡನ ಮಂಡಿನೋವು, ಮಗಳ ಮದುವೆ, ಬ್ರೇಕಿನ ಕಿರುಗುಟ್ಟುವಿಕೆ — ಕೊನೆಗೆ ಅವರ ಐರಿಸ್ ಹೂವಿಗೇ ಬಂದು ನಿಲ್ಲುತ್ತಿತ್ತು.

ಅಂಗಡಿಯಲ್ಲಿ ಸಿಗುವ ಎತ್ತರದ ಐರಿಸ್ ಅಲ್ಲ. ನಮ್ಮ ಬೆಟ್ಟದ ಕಾಡಿನದು. ಇಷ್ಟೇ — ಒಂದು ಗೇಣು. ಏಪ್ರಿಲ್ ಬಂತೆಂದರೆ ತರಗೆಲೆಯ ನಡುವಿನಿಂದ ತಲೆ ಎತ್ತುತ್ತದೆ. ತಿಳಿನೀಲಿ ಎಸಳು, ನಡುವೆ ಬಿಳಿ ಮಚ್ಚೆ, ಮಚ್ಚೆಯ ಮೇಲೆ ಹುಂಜದ ಜುಟ್ಟಿನಂಥ ಹಳದಿ ಗೆರೆ. ಒಂದೊಂದು ಹೂವು ಒಂದೆರಡು ದಿನ ಇದ್ದು ಮುದುಡುತ್ತದೆ. ಮನೆಯ ಹಿಂದಿನ ಇಳಿಜಾರಿನಲ್ಲಿ, ದೊಡ್ಡ ಪಾಪ್ಲರ್ ಮರದ ನೆರಳಿನಲ್ಲಿ, ವೆಲ್ಡಾ ಮತ್ತು ಅವರ ಯಜಮಾನರು ಆರ್ಲಿಸ್ ಮದುವೆಯಾದ ವರ್ಷವೇ ಇದನ್ನು ನೆಟ್ಟರು. ಆರ್ಲಿಸ್ ತೀರಿಕೊಂಡ ಮೇಲೆ ಅದು ಬರೀ ತೋಟವಾಗಿ ಉಳಿಯಲಿಲ್ಲ. ಅದನ್ನು ನಾನು ವಿವರಿಸಬೇಕಾಗಿಲ್ಲ.

ಪಾಸ್ಟರ್ ಅವರು ಕ್ಷಮಿಸಬೇಕು, ಒಂದು ಮಾತು ಹೇಳಲೇಬೇಕು. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದ ವೆಲ್ಡಾ ಒಂದು ದಿನ ಅಂಗಡಿಯ ಸಾಲಿನಲ್ಲಿ ಬಿಯರ್ ಡಬ್ಬಿಗಳನ್ನು ಹೀಗೆ ಎದೆಗೆ ಅವಚಿಕೊಂಡು ನಿಂತಿದ್ದರು. ಹಿಂದೆ ತಿರುಗಿ ನೋಡಿದರೆ — ಪಾಸ್ಟರ್.

“ಇದು ನನಗಲ್ಲ ಪಾಸ್ಟರ್. ಐರಿಸ್ ಗಿಡಕ್ಕೆ.”

“ಗಿಡ ಬಿಯರ್ ಕುಡಿಯುತ್ತಾ ವೆಲ್ಡಾ?”

“ಗಿಡ ಕುಡಿಯಲ್ಲ. ಗಿಡ ತಿನ್ನೋ ಹುಳ ಕುಡಿಯುತ್ತೆ. ತಟ್ಟೇಲಿ ಹೊಯ್ದಿಟ್ರೆ ಬಂದು ಬಿದ್ದು ಸಾಯ್ತವೆ.”

“ಹಾಗಾದ್ರೆ ಮುಂದಿನ ಭಾನುವಾರದ ಪ್ರವಚನ ಸಿಕ್ಕಿತು ನನಗೆ” ಎಂದರಂತೆ ಪಾಸ್ಟರ್. ನಿಜ ತಾನೇ? — ಹಾಂ, ತಲೆ ಆಡಿಸುತ್ತಿದ್ದಾರೆ.

ಇಂಥ ವೆಲ್ಡಾಗೆ ಒಂದು ನೋವಿತ್ತು. ಹಾಬರ್ಟ್ ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅಕ್ಕ ತಮ್ಮ ಇಬ್ಬರದೂ ಒಂದೇ ಇಳಿಜಾರು, ನಡುವೆ ಒಂದು ಬೇಲಿ. ಆದರೆ ವರ್ಷಗಟ್ಟಲೆ ಮಾತಿರಲಿಲ್ಲ. ಕಾರಣ ಆ ಪಾಪ್ಲರ್ ಮರವೇ. “ಮರ ಒಳಗೆ ಟೊಳ್ಳಾಗಿದೆ, ಒಂದಿನ ಮನೆ ಮೇಲೆ ಬಿದ್ದು ನಿನ್ನನ್ನ ಹಾಸಿಗೇಲೇ ಸಾಯಿಸುತ್ತೆ, ಕಡಿಸು” ಎಂದು ಹಾಬರ್ಟ್ ಹೇಳಿದ್ದರು. “ನಿನಗೆ ಮರದ ಹಲಗೆ ಬೇಕು, ನೆಪಕ್ಕೆ ನನ್ನ ಜೀವ” ಎಂದು ವೆಲ್ಡಾ ಅಂದುಬಿಟ್ಟರು. ಅಲ್ಲಿಗೆ ಮುಗಿಯಿತು. ಆಮೇಲೆ ಅಕ್ಕ ಬಸ್ಸಿನಲ್ಲಿ ತಮ್ಮನ ಮನೆ ದಾಟುವಾಗ ಹಾರ್ನ್ ಒತ್ತುತ್ತಿದ್ದರು, ತಮ್ಮ ವರಾಂಡದಿಂದ ಟೋಪಿ ಎತ್ತುತ್ತಿದ್ದರು. ಅಷ್ಟೇ.

ಹೋದ ಶರತ್ಕಾಲದ ಬಿರುಗಾಳಿ ನಿಮಗೆಲ್ಲ ನೆನಪಿದೆ. ನಮ್ಮಲ್ಲಿ ನೆನಪಿಲ್ಲದವರು ಯಾರು? ಅಷ್ಟರಲ್ಲಿ ವೆಲ್ಡಾ ಅವರ ಹೃದಯ ಸೋತಿತ್ತು, ಬಸ್ಸು ಬಿಟ್ಟಿದ್ದರು, ಮೂಗಿಗೆ ಆಮ್ಲಜನಕದ ನಳಿಗೆ ಬಂದಿತ್ತು. ರಸ್ತೆ ಕೊಚ್ಚಿಹೋಗಿದ್ದರಿಂದ ನಾನೂ ನಮ್ಮ ಮೆಕ್ಯಾನಿಕ್ ಗಾರ್ಲಂಡೂ ಬೆಳಿಗ್ಗೆ ನಡೆದೇ ಅವರ ಮನೆಗೆ ಹೋದೆವು. ಪಾಪ್ಲರ್ ಮರ ಬುಡಸಮೇತ ಉರುಳಿತ್ತು. ಮನೆಗೆ ಒಂದು ಹೆಂಚಿನಷ್ಟೂ ಪೆಟ್ಟಿಲ್ಲ. ಇಡೀ ಮರ ಐರಿಸ್ ಪಾತಿಯ ಮೇಲೆ ಮಲಗಿತ್ತು.

ಅಷ್ಟರಲ್ಲಿ ಮೇಲಿನಿಂದ ಹಾಬರ್ಟ್ ಬಂದರು. ಮೊಣಕಾಲವರೆಗೆ ಕೆಸರು. ಅಂಗಳದಲ್ಲಿ ನಿಂತರು. ನಾನೂ ಗಾರ್ಲಂಡೂ ಉಸಿರು ಹಿಡಿದೆವು.

“ಬದುಕಿದ್ದೀಯೇನೇ ಅಕ್ಕ?”

“ಬದುಕಿದ್ದೀನಿ. ‘ನಾನು ಹೇಳಿರ್ಲಿಲ್ವಾ’ ಅಂತ ಅಂದುಬಿಡು ಹಾಬರ್ಟ್. ಕಾದಿದ್ದೀಯ.”

“ಮೊದ್ಲು ಕಾಫಿ ಕೊಡು” ಎಂದರು ಹಾಬರ್ಟ್.

ಕರೆಂಟಿರಲಿಲ್ಲ. ಸೌದೆ ಒಲೆಯ ಮೇಲೆ ಕಾಫಿ ಆಯಿತು. ಕುಡಿದು ಲೋಟ ಕೆಳಗಿಟ್ಟು ಹಾಬರ್ಟ್ ಹೋದರು, ಗರಗಸದ ಯಂತ್ರ ತಂದರು. ವೆಲ್ಡಾ ವರಾಂಡದ ಕುರ್ಚಿಯಿಂದಲೇ ಯಜಮಾನಿಕೆ ಶುರುಮಾಡಿದರು. “ಎಳೀಬೇಡ! ಎಳೆದ್ರೆ ಗಡ್ಡೆಯೆಲ್ಲ ಕಿತ್ತು ಬರುತ್ತೆ. ತುಂಡು ಮಾಡಿ ಎತ್ತು.” ಆ ಐರಿಸ್ ಗಡ್ಡೆ ಶುಂಠಿಯ ಹಾಗೆ ಮಣ್ಣಿನ ಮೇಲ್ಮೈಯಲ್ಲೇ ಹರಿದಾಡುತ್ತದೆ, ಬೆನ್ನು ಹೊರಗೇ ಇರುತ್ತದೆ. ಎಳೆದಿದ್ದರೆ ಎಲ್ಲ ಹೋಗುತ್ತಿತ್ತು. ಆ ವಯಸ್ಸಿನಲ್ಲಿ ಹಾಬರ್ಟ್ ಒಂದೊಂದೇ ತುಂಡನ್ನು ಗಾರ್ಲಂಡ್ ಜೊತೆ ಕೈಯಲ್ಲಿ ಎತ್ತಿ ಹೊರಗೆ ಹಾಕಿದರು. ಅದೇ ಕೆಲಸ ವಾರಗಟ್ಟಲೆ ನಡೆಯಿತು. ಕೊನೆಗೆ ಕೆಳಗೆ ಕಂಡದ್ದು — ಕೆಸರು. ಬರೀ ಕೆಸರು. ಎಲೆ ಉದುರಿ ಮಲಗುವ ಕಾಲ ಅದು. ಗಿಡ ಸತ್ತಿದೆಯೋ ನಿದ್ದೆ ಮಾಡಿದೆಯೋ ಯಾರಿಗೂ ತಿಳಿಯುವಂತಿರಲಿಲ್ಲ.

ಆ ಚಳಿಗಾಲ ನಮಗೆಲ್ಲ ಒಂದೇ ಹೆದರಿಕೆ. ವೆಲ್ಡಾಗೆ ಮುಂದಿನ ವಸಂತ ಸಿಕ್ಕೀತೋ ಇಲ್ಲವೋ ಎಂದು ವೈದ್ಯರು ಹೇಳಿದ್ದರು. ಸಿಕ್ಕಿ, ಪಾತಿ ಬೋಳಾಗಿದ್ದರೆ? ಗಾರ್ಲಂಡ್ ಹೋಗಿ ನರ್ಸರಿಯಿಂದ ಅದೇ ಜಾತಿಯ ಐರಿಸ್ ಕುಂಡಗಳನ್ನು ತಂದು, ಬೇಕಾದರೆ ಗುಟ್ಟಾಗಿ ಪಾತಿಯಲ್ಲಿ ನೆಡೋಣವೆಂದು ಬಸ್ ಶೆಡ್ಡಿನ ಹಿಂದೆ ಬಚ್ಚಿಟ್ಟ. ಅದು ಹೇಗೋ ವೆಲ್ಡಾ ಅವರ ಕಿವಿಗೆ ಬಿತ್ತು. ಫೋನ್ ಮಾಡಿದರು. “ಗಾರ್ಲಂಡ್, ನನ್ನ ಹೃದಯ ಹೋಗಿದೆ ಕಣಪ್ಪ, ಕಣ್ಣು ಹೋಗಿಲ್ಲ. ಪರರ ಮಕ್ಕಳನ್ನ ತಂದು ‘ಇವು ನಿನ್ನ ಮಕ್ಕಳೇ’ ಅಂದ್ರೆ ನಂಬ್ತೀನಾ?” ಗಾರ್ಲಂಡ್, ಆ ಕುಂಡಗಳು ನಿನ್ನ ಹೆಂಡತಿ ತೋಟದಲ್ಲಿ ಚೆನ್ನಾಗಿವೆ ಎಂದು ಕೇಳಿದೆ.

ಮಾರ್ಚ್ ತಿಂಗಳ ಕೊನೆಗೆ ರೆಂಡಾ ನನ್ನನ್ನು ಕರೆದಳು. “ಟ್ರೂಲಾ ಆಂಟಿ, ಅಮ್ಮ ಇಳಿಜಾರಿಗೆ ಹೋಗ್ಲೇಬೇಕು ಅಂತಿದ್ದಾಳೆ, ಬನ್ನಿ.” ನಡೆಯುವ ಶಕ್ತಿ ಇಲ್ಲ. ಹಾಬರ್ಟ್ ಒಂದು ಕಡೆ, ಗಾರ್ಲಂಡ್ ಒಂದು ಕಡೆ, ಅಡುಗೆಮನೆಯ ಕುರ್ಚಿಯಲ್ಲೇ ಕೂರಿಸಿ ಹೊತ್ತು ಇಳಿಸಿದರು. ಆಮ್ಲಜನಕದ ಸಿಲಿಂಡರ್ ನಾನು ಹಿಡಿದೆ. ವೆಲ್ಡಾ ಬಗ್ಗಿ, ಒಂದು ಬೆರಳಿನಿಂದ ತರಗೆಲೆ ಸರಿಸಿದರು. ಇಲ್ಲ. ಇನ್ನೊಂದು ಕಡೆ ಸರಿಸಿದರು. ಇಲ್ಲ. ನಾನು ಮುಖ ಆಚೆ ತಿರುಗಿಸಿದೆ.

“ಟ್ರೂಲಾ, ಇಲ್ಲಿ ನೋಡೇ.”

ಬೆರಳ ತುದಿಯಷ್ಟು ಹಸಿರು. ಕತ್ತಿಯ ಮೊನೆಯಂತೆ. ಪಕ್ಕದಲ್ಲಿ ಇನ್ನೊಂದು. ಅದರಾಚೆ ಒಂದು ಸಾಲೇ. ವೆಲ್ಡಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ “ಸದ್ಯ” ಎಂದರು. ಎಷ್ಟೋ ತಿಂಗಳಿನಿಂದ ಹಿಡಿದಿಟ್ಟ ಉಸಿರು ಅದು. ನಮ್ಮೆಲ್ಲರದೂ.

ಆ ಏಪ್ರಿಲ್‌ನಲ್ಲಿ ಅರಳಿದಷ್ಟು ಹೂ ಎಂದೂ ಅರಳಿರಲಿಲ್ಲ. ಮರ ಹೋಗಿ ಬೆಳಕು ಬಿದ್ದಿತ್ತಲ್ಲ. ಹೂವಿನ ಮುಂದೆ ಕೂತು ವೆಲ್ಡಾ ಅಂದರು: “ನೀನು ಹೇಳಿದ್ದೇ ನಿಜ ಹಾಬರ್ಟ್. ಮರ ಟೊಳ್ಳಾಗಿತ್ತು.”

ಹಾಬರ್ಟ್ ಹೇಳಿದರು: “ಮನೆ ಮೇಲೆ ಬೀಳುತ್ತೆ ಅಂದಿದ್ದೆ. ಅದೊಂದು ಸುಳ್ಳಾಯ್ತು. ದೇವರು ದೊಡ್ಡೋನು.”

ಆದರೆ ಬೇಸಿಗೆಯ ಬಿಸಿಲು ಆ ಗಿಡವನ್ನು ಸುಟ್ಟುಬಿಡುತ್ತಿತ್ತು. ಹೂವು ಮುಗಿದ ಮೇಲೆ ಹಾಬರ್ಟ್ ತಾವೇ ಬೇಲಿ ಬಿಚ್ಚಿದರು. ಅವರ ಕಡೆ ಓಕ್ ಮರಗಳ ನೆರಳು ಇನ್ನೂ ಗಟ್ಟಿಯಾಗಿದೆ. ಗಡ್ಡೆಗಳನ್ನು ಬಿಡಿಸಿ ಅಲ್ಲಿಗೆ ಸಾಗಿಸಿದೆವು. ನಾನೊಂದನ್ನು ಆಳವಾಗಿ ನೆಟ್ಟುಬಿಟ್ಟೆ. ಕುರ್ಚಿಯಿಂದ ಕೂಗು ಬಂತು: “ಹೂಳ್ಬೇಡ್ವೇ! ಹೆಣ ಅಲ್ಲ ಅದು. ಮಲಗಿಸು. ಬೆನ್ನಿಗೆ ಗಾಳಿ ತಾಗ್ಲಿ.”

ಆಗಸ್ಟ್ ಕೊನೆಯಲ್ಲಿ ಅವರು ಹೋದರು. ಆಸ್ಪತ್ರೆಯಲ್ಲಿ ಅಲ್ಲ, ತಮ್ಮದೇ ಹಾಸಿಗೆಯಲ್ಲಿ. ರೆಂಡಾ ಕಾಲ ಬಳಿ, ಹಾಬರ್ಟ್ ತಲೆಯ ಬಳಿ. ಕೊನೆಯ ಮಾತು ಹೀಗಿತ್ತಂತೆ:

“ನೀರು ಹಾಕಿದ್ಯಾ?”

“ಹಾಕ್ದೆ ಅಕ್ಕ.”

“ಜಾಸ್ತಿ ಹಾಕಿಲ್ಲ ತಾನೇ?”

“ಇಲ್ಲ.”

“ಸರಿ ಹಾಗಾದ್ರೆ.” ಮಗ್ಗುಲಾಗಿ ನಿದ್ದೆ ಹೋದರು. ನೋವಿರಲಿಲ್ಲ, ಒದ್ದಾಟವಿರಲಿಲ್ಲ.

ಗೆಳೆಯರೇ, ಅಳುತ್ತೇನೆಂದುಕೊಂಡೇ ಇಲ್ಲಿಗೆ ಬಂದೆ. ಅಳು ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಎದೆ ಹಗುರಾಗಿದೆ. ತಮ್ಮನ ಜೊತೆ ಮಾತು ನಿಂತಂತೆಯೇ ಅವರು ಹೋಗಿಬಿಟ್ಟಿದ್ದರೆ — ಈ ಸಭೆಯಲ್ಲಿ ನಾನು ಹಾಬರ್ಟ್ ಅವರ ಮುಖವನ್ನು ಹೇಗೆ ನೋಡಬೇಕಿತ್ತು?

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಕಾಲು ನೋವಿರುವವರು ಕೂತೇ ಇರಿ. ರೆಂಡಾ, ಮಾವನ ಕೈ ಹಿಡಿದುಕೊ. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದಾರೆ, ಅವರನ್ನು ಗದರಿಸಲು ಯಾರೂ ಹೋಗಬೇಡಿ. ಆ ಗದ್ದಲವನ್ನು ಬೆನ್ನ ಹಿಂದೆ ಕೂರಿಸಿಕೊಂಡೇ ಈ ಹೆಂಗಸು ಬದುಕೆಲ್ಲ ಬಸ್ಸು ನಡೆಸಿ, ಒಂದೊಂದು ಮಗುವನ್ನೂ ಮನೆ ಬಾಗಿಲಿಗೆ ಮುಟ್ಟಿಸಿದ್ದಾರೆ. ಅವರು ಕೂಗಲಿ. ನಾವು ದೊಡ್ಡವರು ವೆಲ್ಡಾಗಾಗಿ ಒಂದು ನಿಮಿಷ ಸುಮ್ಮನಿರೋಣ.