ಬಾವಿಯೊಳಗಿಂದ ಬಂದ ಮೂರನೆಯ ಹೆಸರು

ಊರಿನ ಹೆಸರು ಹೇಳುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ದಾರಿಯಲ್ಲಿ ಬಸ್ಸು ಎರಡು ನಿಮಿಷ ನಿಲ್ಲುವ ಊರು ಅಂದುಕೊಳ್ಳಿ. ಹೆಸರು ಹೇಳಿದರೆ ಅಲ್ಲಿಯ ಹುಡುಗರಿಗೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಾರೆ. ಈಗಲೇ ಕಷ್ಟ ಇದೆ. ಆದರೆ ಶೀತಲ ನನ್ನ ಸ್ವಂತ ಚಿಕ್ಕಪ್ಪನ ಮಗಳು. ಸುಳ್ಳು ಹೇಳುವಾಗ ಅವಳ ಎಡಗಣ್ಣು ಅದುರುತ್ತದೆ. ಇದನ್ನು ಹೇಳುವಾಗ ಅದುರಲಿಲ್ಲ. ನಾನು ಅದನ್ನೇ ನೋಡುತ್ತ ಕೂತಿದ್ದೆ.

ಹೋದ ಬೇಸಿಗೆಯ ಒಂದು ಶನಿವಾರ. ಕೊನೆಯ ಬಸ್ಸು ಅವಳನ್ನು ಊರ ತಿರುವಿನಲ್ಲಿ ಇಳಿಸಿ ಹೋದಾಗ ಹತ್ತೂವರೆ ದಾಟಿತ್ತು. ಮನೆಗೆ ಹಳೇ ಬಾವಿಯ ಪಕ್ಕದಿಂದಲೇ ದಾರಿ. ಕಲ್ಲು ಮೆಟ್ಟಿಲಿನ ದೊಡ್ಡ ಬಾವಿ, ಎರಡು ತಿರುವು ಇಳಿದರೆ ನೀರು. ನಲವತ್ತು ವರ್ಷದಿಂದ ಅದರ ನೀರನ್ನು ಯಾರೂ ಬಾಯಿಗೆ ಮುಟ್ಟಿಸಿಲ್ಲ. ಸೋನುಬಾಯಿ ಅನ್ನುವವಳು ರಾತ್ರಿ ನೀರು ಸೇದಲು ಹೋಗಿ ಕಾಲು ಜಾರಿ ಬಿದ್ದು ಸತ್ತಳು, ಅದಕ್ಕೆ. ಊರು ಹೇಳುವುದು ಅಷ್ಟೇ.

ಬಾವಿ ಹತ್ತಿರ ಬಂದಾಗ ಶೀತಲಳಿಗೆ ಸದ್ದು ಕೇಳಿತು.

ಕಿರ್ರ್... ಕಟ್. ಕಿರ್ರ್... ಕಟ್.

ರಾಟೆ ತಿರುಗುವ ಸದ್ದು. ಆ ಬಾವಿಯ ರಾಟೆ ಗುಜರಿಗೆ ಹೋಗಿ ಇಪ್ಪತ್ತು ವರ್ಷವಾಗಿತ್ತು.

ಶೀತಲ ನಿಂತಳು. ಯಾರದು ಅಂತ ಮೆಲ್ಲಗೆ ಕೇಳಿದಳು. ಸದ್ದು ನಿಂತಿತು. ಆಮೇಲೆ ಕೆಳಗಿನಿಂದ... ಗಂಟಲು ಒಣಗಿದವರು ಕೇಳಿದ ಹಾಗೆ...

"ಮ್ಯಾಲ ಯಾರದಾರ?"

ಓಡಲಿಲ್ಲ. ಓಡಿದರೆ ಮುಂದೆಂದೂ ಈ ಬಾವಿಗೆ ಇಳಿಯುವ ಧೈರ್ಯ ಬರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಇಳಿಯಲೇಬೇಕಿತ್ತು. ನಡೆದೇ ಮನೆ ಸೇರಿದಳು. ಯಾರಿಗೂ ಹೇಳಲಿಲ್ಲ.

ಇಳಿಯುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಅವಳು, ಗೆಳತಿ ತಾಹೇರಾ, ಸೋದರತ್ತೆ ಯಶೋದಾಬಾಯಿ ಸೇರಿ 'ಬಾವಿ ಬಳಗ' ಅಂತ ಒಂದು ಸಂಘ ಕಟ್ಟಿದ್ದರು. ಹಾಳು ಬಾವಿಗಳ ಹೂಳು ತೆಗೆಯುವುದು. ಬೇಮಳಖೇಡದ ಹತ್ತಿರ ಒಂದು, ಚಿಟಗುಪ್ಪದ ದಾರಿಯಲ್ಲಿ ಒಂದು, ಹೀಗೆ ಎರಡು ಬಾವಿಗೆ ಜೀವ ಬಂದಿತ್ತು. ಹಾರೆ ಬುಟ್ಟಿ ಹಿಡಿಯುವವರು ಸಿಗಬೇಕಲ್ಲ, ಅದಕ್ಕೆ ತಾಹೇರಾ ಪ್ರತಿ ಭಾನುವಾರ ಫೇಸ್‌ಬುಕ್ಕಿನಲ್ಲಿ ಲೈವ್ ಬರುತ್ತಿದ್ದಳು. ಮೊದಲ ಲೈವ್ ನೋಡಿದವರು ಹನ್ನೊಂದು ಜನ. ಅದರಲ್ಲಿ ಆರು ಜನ ಅವಳ ಚಿಕ್ಕಮ್ಮನ ಮಕ್ಕಳು. ಆಮೇಲಾಮೇಲೆ ಪುಣೆ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಕಡೆಯವರು ಊಟ ಮುಗಿಸಿ ಒಂಬತ್ತರ ಮೇಲೆ ನೋಡಲು ಶುರು ಮಾಡಿದರು. ಪರವೂರಿನಲ್ಲಿ ಕೂತವರಿಗೆ ಊರ ಬಾವಿ ಬಹಳ ನೆನಪಾಗುತ್ತದೆ.

ಬಳಗಕ್ಕೆ ಒಂದು ಕಟ್ಟುನಿಟ್ಟು ಇತ್ತು. ಹಳೇ ಬಾವಿಯೊಳಗೆ ಗಾಳಿ ಕೆಟ್ಟಿರುತ್ತದೆ. ಮೊದಲು ಕಂದೀಲು ಇಳಿಬಿಟ್ಟು ಉರಿಯುತ್ತದೋ ನೋಡಬೇಕು. ಆಮೇಲೆ ಇಳಿಯುವವರು ಒಬ್ಬೊಬ್ಬರಾಗಿ ತಮ್ಮ ಹೆಸರು ಕೂಗಬೇಕು. ಮೇಲೆ ಕೂತ ಯಶೋದಾಬಾಯಿ 'ಹೂಂ' ಅಂದ ಮೇಲೆಯೇ ಮುಂದಿನ ಮೆಟ್ಟಿಲು. ಹೂಂ ಅಂದಳೆಂದರೆ ಆ ಜೀವ ಅವಳ ಜಿಮ್ಮಾ, ಅವಳ ಹೊಣೆ. ಅಷ್ಟೂ ಜನ ಮೇಲೆ ಬರುವ ತನಕ ಆಕೆ ಕೂತಲ್ಲಿಂದ ಏಳುವುದಿಲ್ಲ.

ಭಾನುವಾರ ಬೆಳಿಗ್ಗೆ ಗೊತ್ತಾಯಿತು, ಸೋಮವಾರ ಬಾವಿ ಮುಚ್ಚುತ್ತಾರೆ ಅಂತ. ಪಂಚಾಯ್ತಿ ಮೆಂಬರ್ ಧನರಾಜನಿಗೆ ಆ ತಿರುವಿನಲ್ಲಿ ಮಳಿಗೆ ಎಬ್ಬಿಸಬೇಕಿತ್ತು. ಅದನ್ನು ಹಾಗೆ ಹೇಳಲಾಗುತ್ತದೆಯೇ? ಬಾವಿಯಲ್ಲಿ ದೆವ್ವ ಇದೆ, ಮಕ್ಕಳು ಬೆದರುತ್ತವೆ ಅಂದ. ಮುಂದಿನ ಸರದಿ ಇದೇ ಬಾವಿ ಅಂತ ಬಳಗದವರು ತಿಂಗಳಿಂದ ಲೈವ್‌ನಲ್ಲಿ ಹೇಳುತ್ತ ಬಂದಿದ್ದರು. ಶೀತಲ ಹನುಮಂತ ದೇವರ ಕಟ್ಟೆಯ ಮುಂದೆಯೇ ಅವನನ್ನು ಹಿಡಿದು ನಿಲ್ಲಿಸಿದಳು. ಅವನು ನಕ್ಕ.

"ಹಗಲ ಯಾರರ ಇಳೀತಾರವ್ವಾ. ರಾತ್ರಿ ಇಳೀರಿ. ನಿಮ್ಮ ಲೈವ್‌ನಾಗ ತೋರಸ್ರಿ. ದೆವ್ವಿಲ್ಲಂದ್ರ ನಾ ಜೆಸಿಬಿ ವಾಪಸ್ ಕಳಸ್ತೀನಿ."

"ನೋಡ್ಲಾಕ ನೀವೂ ಬರ್ರಿ ಮತ್ತ, ಲೈಕ್ ಹಾಕ್ಲಾಕ ಮರೀಬ್ಯಾಡ್ರಿ," ಅಂದಳು ಶೀತಲ.

ಅಂದುಬಿಟ್ಟಳು. ಆದರೆ ಶನಿವಾರ ರಾತ್ರಿ ಕೇಳಿದ್ದು ಕಿವಿಯಲ್ಲಿ ಹಾಗೇ ಇತ್ತು. ದೆವ್ವವಿಲ್ಲ ಅಂತ ಊರಿಗೆಲ್ಲ ತೋರಿಸಲು ಹೊರಟಿದ್ದಳು, ಊರಿನಲ್ಲಿ ಅದರ ದನಿ ಕೇಳಿದವಳು ಮಾತ್ರ ಅವಳೊಬ್ಬಳೇ.

ರಾತ್ರಿ ಒಂಬತ್ತೂವರೆ. ಮೂವರೇ. ಕಂದೀಲು ಇಳಿಬಿಟ್ಟರು, ಉರಿಯಿತು. ಯಶೋದಾಬಾಯಿ ಬಾವಿಯ ಕಟ್ಟೆ ಮೇಲೆ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಪಕ್ಕದಲ್ಲಿ ಹಗ್ಗದ ಸಿಂಬಿ. ತಾಹೇರಾ ಲೈವ್ ಹಚ್ಚಿದಳು. ಧನರಾಜ ಮಧ್ಯಾಹ್ನವೇ ಊರ ಗ್ರೂಪಿಗೆಲ್ಲ ಸುದ್ದಿ ಹಾಕಿದ್ದ. ಬಳಗಕ್ಕೆ ಅಷ್ಟು ಒಳ್ಳೆಯ ಪ್ರಚಾರ ಅದುವರೆಗೆ ಯಾರೂ ಮಾಡಿರಲಿಲ್ಲ. ನೋಡುವವರು ನಾಲ್ಕು ನೂರು... ಏಳು ನೂರು... ಸಾವಿರ ದಾಟಿತು.

"ಶೀತಲ."

ಮೇಲಿನಿಂದ, "ಹೂಂ."

"ತಾಹೇರಾ."

"ಹೂಂ."

ಇಳಿದರು. ಮೆಟ್ಟಿಲ ಮೇಲೆ ಒಣಗಿದ ಪಾಚಿ ಕರಕ್ ಕರಕ್ ಅನ್ನುತ್ತಿತ್ತು. ಮೊದಲ ತಿರುವು ದಾಟಿತು. ಎರಡನೆಯದು. ಕೆಳಗೆ ಕಪ್ಪು ನೀರು, ಮೂರು ಮೆಟ್ಟಿಲು ದೂರ. ಅದರಲ್ಲಿ ಕಂದೀಲಿನ ಬೆಳಕು ಅಲುಗದೆ ನಿಂತಿತ್ತು. ಶೀತಲ ಫೋನಿನ ಕಡೆ ತಿರುಗಿ, ನೋಡ್ರಿ, ಇಲ್ಲೇನೂ ಇಲ್ಲ ಅನ್ನಬೇಕೆಂದು ಬಾಯಿ ತೆರೆದಳು.

ನೀರಿನ ಕಡೆಯಿಂದ, ಸಣ್ಣಗೆ, ತಡವರಿಸುತ್ತ...

"ಸೋನುಬಾಯಿ."

ಮೇಲೆ ಯಶೋದಾಬಾಯಿಗೆ ಎರಡು ವರ್ಷದ ರೂಢಿ. ಹೆಸರು ಕಿವಿಗೆ ಬಿತ್ತು... ಬಾಯಿ ತಾನೇ ಅಂದುಬಿಟ್ಟಿತು.

"ಹೂಂ."

ಆಮೇಲೆ ಬಾವಿಯೊಳಗೆ ಸದ್ದೇ ಇಲ್ಲ. ತಾಹೇರಾಳ ಬಳೆ ಮಾತ್ರ ಫೋನಿಗೆ ತಾಗಿ ಟಿಣ್... ಟಿಣ್... ಅನ್ನುತ್ತಿತ್ತು. ಪರದೆಯ ಮೇಲೆ ಕಾಮೆಂಟು ಸುರಿಯಿತು. ಮೂರನೇದಾಕಿ ಯಾರು ಅಂತ ಪುಣೆಯಿಂದ ಒಬ್ಬ ಕೇಳಿದ. ನನಗೂ ಕೇಳಿಸಿತು, ನನಗೂ ಕೇಳಿಸಿತು ಅಂತ ಇಪ್ಪತ್ತು ಜನ. ನಡುವೆ ಧನರಾಜನದೂ ಬಂತು: ದೆವ್ವ ಐತಿ ಅಂತ ತಾವೇ ತೋರಿಸಿಕೊಟ್ಟರು, ನಾಳೆ ಮುಚ್ಚೂದೇ.

ತಾಹೇರಾ ಉಸಿರಿನಲ್ಲೇ ಕೇಳಿದಳು, "ಬಂದ್ ಮಾಡ್ಲೇನ?"

ಬಂದ್ ಮಾಡಿದರೆ ಹೆದರಿ ಓಡಿದರು ಅನ್ನುತ್ತಾನೆ. ಮಾಡದಿದ್ದರೆ ದೆವ್ವ ಇದ್ದದ್ದು ಖರೆ ಅನ್ನುತ್ತಾನೆ. ಎರಡರಲ್ಲೂ ಬಾವಿ ಹೋಗುತ್ತದೆ. ಶೀತಲಳಿಗೆ ಬೆನ್ನ ಹಿಂದೆ ನೀರು ಮೆಲ್ಲಗೆ ಕಲ್ಲಿಗೆ ತಾಗುವುದು ಕೇಳಿತು... ಚಳಕ್... ಚಳಕ್... ಹಿಂದೆ ತಿರುಗಲಿಲ್ಲ. ತಾಹೇರಾಳ ಕೈಯನ್ನು ತನ್ನ ಮುಖದ ಹತ್ತಿರ ಎಳೆದುಕೊಂಡಳು.

"ದೆವ್ವ ಐತೋ ಇಲ್ಲೋ ನನಗ ಗೊತ್ತಿಲ್ರಿ. ಒಳಗ ಒಬ್ಬಾಕಿ ಅದಾಳ, ನೀವೆಲ್ಲಾ ಕೇಳೀರಿ. ಮಂದಿ ಇದ್ದ ಬಾವಿ ಯಾರೂ ಮುಚ್ಚಾಂಗಿಲ್ಲ. ಮೊದ್ಲು ಆಕಿ ಮ್ಯಾಲ ಬರ್ಲಿ. ಆಮ್ಯಾಗ ಮಾತಾಡೂಣು."

ಇಬ್ಬರೂ ಹತ್ತಿದರು. ಹಿಂದೆ ನೋಡದೆ, ಒಂದೊಂದೇ ಮೆಟ್ಟಿಲು. ಯಶೋದಾಬಾಯಿ ಅಷ್ಟರಲ್ಲಿ ಹಗ್ಗದ ಸಿಂಬಿ ಬಿಚ್ಚಿ ತುದಿಗೆ ಗಂಟು ಹಾಕಿಕೊಂಡಿದ್ದಳು. ಮನೆಗೆ ನಡಿ ಅತ್ತಿ, ರೂಢಿ ಮ್ಯಾಲ ಅಂದೀದಿ, ಅದಕ್ಕೇನ ಲೆಕ್ಕಿಲ್ಲ ಅಂತ ತಾಹೇರಾ ಬೇಡಿಕೊಂಡಳು. ಮುದುಕಿ ಏಳಲಿಲ್ಲ. ಎಲೆ ಉಗುಳಿ ಬಾಯಿ ಒರೆಸಿಕೊಂಡಳು. ಆಮೇಲೆ ನಲವತ್ತು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಹೇಳಿದಳು. ಫೋನು ಕೇಳುತ್ತಿದೆ ಅಂತ ಗೊತ್ತಿದ್ದೇ ಹೇಳಿದಳು. ಸೋನುಬಾಯಿಯ ಓಣಿಯವರಿಗೆ ಹಗಲು ನೀರು ಸೇದಲು ಬಿಡುತ್ತಿರಲಿಲ್ಲ, ಅದಕ್ಕೇ ರಾತ್ರಿ ಬರುತ್ತಿದ್ದಳು. ಬಿದ್ದ ಕೂಡಲೇ ಸಾಯಲಿಲ್ಲ. ಮೇಲೆ ಯಾರಿದ್ದೀರಿ ಅಂತ ಕೂಗಿದಳು. ತನ್ನ ಹೆಸರು ಹೇಳಿ ಕೂಗಿದಳು. ಊರು ಎದ್ದು ಬಂದು ಕಟ್ಟೆಯ ಸುತ್ತ ನಿಂತಿತ್ತು. ಕೈಯಲ್ಲಿ ಹಗ್ಗವೂ ಇತ್ತು. ಯಾರೂ ಓ ಅನ್ನಲಿಲ್ಲ.

"ನಾನೂ ನಿಂತಿದ್ದೆ. ನಿನ್ನಷ್ಟೇ ಇದ್ದೆ," ಅಂದಳು ಶೀತಲಳ ಮುಖ ನೋಡದೆ. "ಇವತ್ತ ಹೂಂ ಅಂದೀನಿ. ಅಂದದ್ದು ಅಂದೀನಿ."

ಹಗ್ಗ ಇಳಿಬಿಟ್ಟಳು.

"ಸೋನುಬಾಯಿ. ಬಾ ಮ್ಯಾಲ."

ಆಮೇಲೆ ಹಗ್ಗ ಬಿಗಿಯಾಯಿತು. ಕಲ್ಲಿನ ಅಂಚಿನ ಮೇಲೆ ನಾರು ಉಜ್ಜಿ ಸರ್ರ್... ಅಂದಿತು. ಮುದುಕಿಯೊಬ್ಬಳಿಂದ ಆಗಲಿಲ್ಲ. ಶೀತಲ ಹಿಡಿದಳು. ತಾಹೇರಾ ಬಿಸ್ಮಿಲ್ಲಾ ಅಂದು ಫೋನನ್ನು ಕಟ್ಟೆ ಮೇಲೆ ಮಲಗಿಸಿ ತಾನೂ ಹಿಡಿದಳು. ಮೂವರೂ ಕಾಲು ಊರಿ ಎಳೆದರು. ತುಂಬಿದ ಕೊಡದ ಭಾರವಲ್ಲ ಅದು, ಅಂದಳು ಶೀತಲ ನನಗೆ. ಎರಡು ವರ್ಷ ಹೂಳಿನ ಗುಂಡಿಯಿಂದ ಮನುಷ್ಯರನ್ನು ಹಗ್ಗದಲ್ಲಿ ಎಳೆದವಳು ತಾನು, ಆ ಭಾರ ತನಗೆ ಗೊತ್ತು ಅಂದಳು. ಗಂಟು ಕಟ್ಟೆಗೆ ಬರಲು ಮೊಳ ಉಳಿದಿತ್ತು... ಹಗ್ಗ ಫಕ್ಕನೆ ಹಗುರವಾಯಿತು. ಮೂವರೂ ಹಿಂದಕ್ಕೆ ಬಿದ್ದರು.

ಯಾರೂ ಕಾಣಲಿಲ್ಲ. ಯಶೋದಾಬಾಯಿ ಶೀತಲ, ತಾಹೇರಾ, ಸೋನುಬಾಯಿ, ಮೂರು ಅಂತ ಎಣಿಸಿ, ಆಗ ಎದ್ದಳು.

ಆ ವಿಡಿಯೋ ಪೇಜಿನ ಮೇಲೆ ಇದೆ. ಕೊನೆಯ ಹನ್ನೆರಡು ನಿಮಿಷ ಬರೀ ಆಕಾಶ ಮತ್ತು ಸದ್ದು. ನೋಡಿದವರು ನಲವತ್ತು ಸಾವಿರ.

ಸೋಮವಾರ ಬೆಳಿಗ್ಗೆ ಬಾವಿಯ ಸುತ್ತ ನಿಲ್ಲಲು ಜಾಗವಿರಲಿಲ್ಲ. ಬಸವಕಲ್ಯಾಣ, ಚಿಟಗುಪ್ಪ, ಎಲ್ಲಿಂದೆಲ್ಲ ಬಂದಿದ್ದರು. ಸೋನುಬಾಯಿಯ ಓಣಿಯವರು ಮೊದಲ ಸಾರಿ ಹಗಲು ಹೊತ್ತು ಕಟ್ಟೆ ಹತ್ತಿ ಕೂತಿದ್ದರು. ಜೆಸಿಬಿ ಬಂತು. ಡ್ರೈವರ್ ಮಚ್ಚೇಂದ್ರ ಹುಮನಾಬಾದಿನವನು, ರಾತ್ರಿ ಪೂರಾ ಲೈವ್ ನೋಡಿದ್ದ. ಇಂಜಿನ್ ಆರಿಸಿ ಕೆಳಗಿಳಿದ. ಒಳಗೆ ಯಾರೂ ಇಲ್ಲ ಅಂತ ಮೆಂಬರ್ ಸಾಹೇಬರು ಒಮ್ಮೆ ಇಳಿದು ನೋಡಿ ಬಂದು ಹೇಳಲಿ, ಆಮೇಲೆ ಮಣ್ಣು ಹಾಕುತ್ತೇನೆ ಅಂದ. ಮಂದಿಯೆಲ್ಲ ಧನರಾಜನ ಕಡೆ ತಿರುಗಿದರು. ತಾಹೇರಾಳ ಫೋನೂ ತಿರುಗಿತು.

ಅವನು ನಗುತ್ತಲೇ ಎರಡು ಮೆಟ್ಟಿಲು ಇಳಿದ. ನಿಂತ. ಬಳಗದ ಪದ್ಧತಿ ಈಗ ಎಲ್ಲರಿಗೂ ಗೊತ್ತು. ಹೆಸರು ಹೇಳ್ರಿ ಅಂತ ಯಾರೋ ಕೂಗಿದರು.

"ಧನರಾಜ."

ಯಶೋದಾಬಾಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಹಚ್ಚುತ್ತಲೇ ಇದ್ದಳು. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಇನ್ನೊಮ್ಮೆ ಹೆಸರು ಹೇಳಿದ. ಯಾರೂ ಹೂಂ ಅನ್ನಲಿಲ್ಲ. ಮೂರನೆಯ ಮೆಟ್ಟಿಲಿಗೆ ಕಾಲು ಹಾಕದೆ ಮೇಲೆ ಬಂದು ಮೋಟಾರ್ ಸೈಕಲ್ ಹತ್ತಿದ. ಜೆಸಿಬಿಯೂ ಅವನ ಹಿಂದೆಯೇ ಹೋಯಿತು. ಮುಂದಿನ ಭಾನುವಾರ ಹೂಳೆತ್ತಲು ಅರವತ್ತು ಜನ ಬಂದರು.

ನೀವು ನಂಬುತ್ತೀರೋ ಬಿಡುತ್ತೀರೋ. ನಾನು ಹೋಗಿ ಆ ಬಾವಿಯ ನೀರು ಕುಡಿದು ಬಂದವಳು. ಶೀತಲಳ ಅವ್ವನನ್ನೂ ಕೇಳಿದೆ. ಅವಳು ಲೈವ್ ನೋಡಿರಲಿಲ್ಲ, ಫೋನಿನ ಗೊಡವೆಗೇ ಹೋಗದ ಹೆಂಗಸು. ಅವತ್ತು ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತಂತೆ. ಹೊರಗೆ ಕತ್ತಲಲ್ಲಿ ಒಬ್ಬಳು, ಒಣಾ ಪತ್ತಲ ಕೊಡವ್ವಾ ಅಂದಳಂತೆ. ಬಾವ್ಯಾಗ ಇಳದು ತೊಯ್ಸಿಕೊಂಡು ಬಂದೀದಿ ಅಂತ ಬೈಯುತ್ತಲೇ, ಮಗಳೇ ಇರಬೇಕು ಅಂದುಕೊಂಡು, ಬಾಗಿಲ ಸಂದಿಯಿಂದ ತನ್ನ ನೀಲಿ ಸೀರೆ ಕೊಟ್ಟು ಮತ್ತೆ ಮಲಗಿದಳು. ಶೀತಲ ಮನೆಗೆ ಬಂದದ್ದು ಹನ್ನೆರಡೂವರೆಗೆ. ಅವಳ ಬಟ್ಟೆ ಒಣಗಿಯೇ ಇತ್ತು.

ಆ ನೀಲಿ ಪತ್ತಲ ಇನ್ನೂ ತಿರುಗಿ ಬಂದಿಲ್ಲ.