ಐದು ಮೊಟ್ಟೆ, ದೊಡ್ಡದಾದರೆ ನಾಲ್ಕು

ಮಾನ್ಯ ಅಧ್ಯಕ್ಷರೂ ನಮ್ಮ ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಆದ ಶ್ರೀಮತಿ ತೆಹಿಲಾ ಅವರೇ, ನೆತಾನ್ಯಾ ನಗರಸಭೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಶ್ರೀ ಅವಿಗ್ದೋರ್ ಅವರೇ, ಅಧ್ಯಾಪಕರೇ, ಇಪ್ಪತ್ತನಾಲ್ಕು ವರ್ಷ ನನ್ನ ಮಂಗಳವಾರದ ಸಾರನ್ನು ಸಹಿಸಿಕೊಂಡ ಹಾಸ್ಟೆಲಿನ ಹೆಣ್ಣುಮಕ್ಕಳೇ, ಮೂರನೆಯ ಸಾಲಿನ ತುದಿಯಲ್ಲಿ ಹಸಿರು ಕೋಟು ಹಾಕಿಕೊಂಡು ಕುಳಿತಿರುವ ಅತಿಥಿಯೇ, ಸಭಿಕರೇ,

ಅವಿಗ್ದೋರ್ ಅವರು ಈಗಷ್ಟೇ ಹೇಳಿದರು, ‘ಸರೋಲ್ತಾ ಹುಟ್ಟು ಅಡುಗೆಯವರು’ ಎಂದು. ಹೊಗಳಿಕೆಗೆ ವಂದನೆಗಳು. ಆದರೆ ಮೂವತ್ತೊಂದು ವರ್ಷದವರೆಗೆ ನನಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ. ದೆಬ್ರೆತ್ಸೆನ್ ಊರಿನಲ್ಲಿ ಹೆಂಗಸರ ಟೋಪಿ ಮಾರುತ್ತಿದ್ದೆ. ಊಟ ಹೋಟೆಲಿನಲ್ಲಿ. ಹಾಗಾದರೆ ಅಡುಗೆ ಕಲಿತದ್ದೆಲ್ಲಿ? ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ. ಒಲೆಯಿಲ್ಲದೆ, ಹಿಟ್ಟಿಲ್ಲದೆ, ಒಂದು ಹರಳು ಉಪ್ಪಿಲ್ಲದೆ ಕಲಿತೆ.

ಅಲ್ಲಿ ಕೈಮೇಲೆ ಹಚ್ಚೆ ಹಾಕಿದ ನಂಬರು ಕಾಣದಿರಲೆಂದು ಬೇಸಿಗೆಯಲ್ಲೂ ಉದ್ದ ತೋಳಿನ ಅಂಗಿ ಹಾಕುವ ಕೆಲವರು ಈ ಸಭೆಯಲ್ಲಿದ್ದಾರೆ. ಅವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾವು ಅಲ್ಲಿ ಬಾಯಲ್ಲಿ ಅಡುಗೆ ಮಾಡುತ್ತಿದ್ದೆವು. ಒಂದೇ ಹಲಗೆಯ ಮೇಲೆ ಹನ್ನೊಂದು ಜನ ಒತ್ತಿಕೊಂಡು ಮಲಗುತ್ತಿದ್ದೆವು. ಒಬ್ಬಳು ಶುರುಮಾಡುವಳು: ‘ಇವತ್ತು ಬಾತುಕೋಳಿ.’ ಅಲ್ಲಿಂದ ಒಂದು ಹೆಜ್ಜೆಯನ್ನೂ ಬಿಡುವಂತಿಲ್ಲ. ತೊಳೆಯಬೇಕು, ಹೆಚ್ಚಬೇಕು, ಬೇಯುವವರೆಗೆ ಎಲ್ಲರೂ ಕಾಯಬೇಕು. ಜಗಳಗಳೂ ಆಗುತ್ತಿದ್ದವು.

‘ಗಸಗಸೆಗೆ ನಿಂಬೆ ಸಿಪ್ಪೆ ಹಾಕಲ್ವಾ? ನಿಮ್ಮನೇಲಿ ಏನ್ರೇ ತಿಂತಿದ್ರಿ, ಹುಲ್ಲಾ?’

‘ನಿಮ್ಮತ್ತೆ ಹಾಕಿರ್ಬೇಕು. ಅದಕ್ಕೇ ನಿನ್ ಗಂಡ ದಿನಾ ನಮ್ಮನೇಗೆ ಬರ್ತಿದ್ದ!’

ನಗುತ್ತಿದ್ದೆವು. ಹೌದು, ಅಲ್ಲಿ ನಗುತ್ತಿದ್ದೆವು. ಕೆಲವೊಮ್ಮೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಈರುಳ್ಳಿ ಹುರಿಯುತ್ತಿದ್ದವಳು ಸುಮ್ಮನಾದಳೆಂದರೆ ನಾವು ಸ್ವಲ್ಪ ಹೊತ್ತು ಕಾಯುತ್ತಿದ್ದೆವು. ಆಮೇಲೆ ಪಕ್ಕದವಳು ಅದೇ ಬಾಣಲೆಯನ್ನು ಮುಂದುವರಿಸುತ್ತಿದ್ದಳು. ಸುಮ್ಮನಾದವಳ ಬೆರಳುಗಳು ಬೆಳಿಗ್ಗೆಯೂ ಸೌಟು ಹಿಡಿದ ಹಾಗೇ ಮಡಚಿಕೊಂಡಿರುತ್ತಿದ್ದವು. ನಾನೇ ಬಿಡಿಸಿ ನೇರ ಮಾಡಿದ್ದೇನೆ.

ನಮ್ಮಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಮಕ್ಕಳ ಮಾತು ಎತ್ತಬಾರದು. ಎತ್ತಿದವಳು ಎರಡು ದಿನಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ. ಹಾಗಾಗಿ ಯಾರಾದರೂ ‘ನನ್ನ ಮಗು...’ ಎಂದರೆ ಸಾಕು, ಉಳಿದವರೆಲ್ಲ ಒಟ್ಟಿಗೆ ಕೇಳುತ್ತಿದ್ದೆವು: ‘ಎಷ್ಟು ಮೊಟ್ಟೆ?’ ಅವಳು ಒಂದು ಕ್ಷಣ ತಡವರಿಸುವಳು. ಆಮೇಲೆ ‘ಮೂರು’ ಅನ್ನುವಳು. ಅಷ್ಟಕ್ಕೆ ಅಡುಗೆಮನೆಗೆ ವಾಪಸ್ ಬಂದಳೆಂದೇ ಲೆಕ್ಕ. ಅದು ನಮ್ಮ ಕರುಣೆಯಾಗಿತ್ತು, ಸಭಿಕರೇ. ನಮ್ಮಲ್ಲಿ ಬೇರೆ ಔಷಧಿ ಏನಿತ್ತು?

ನನ್ನ ಪಕ್ಕದಲ್ಲಿ ಮಲಗುತ್ತಿದ್ದವಳು ಮುಂಕಾಚ್ ಊರಿನ ಹೆರ್ಮಿನಾ, ಒಬ್ಬ ದರ್ಜಿಯ ಹೆಂಡತಿ. ನನಗಿಂತ ಐದು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಐವತ್ತರದ್ದು. ‘ಟೋಪಿ ರಾಣಿ, ಹಿಟ್ಟು ಜರಡಿ ಹಿಡಿಯೋಕೂ ಬರಲ್ವಲ್ಲೇ ನಿನಗೆ! ನಿನ್ನ ಕಟ್ಕೊಂಡೋನು ಟೋಪೀನೇ ತಿನ್ಬೇಕು’ ಎಂದು ದಿನಾ ಛೇಡಿಸುತ್ತಿದ್ದಳು. ನನಗೆ ಫ್ಲೋದ್ನಿ ಎಂಬ ಪದರದ ಕೇಕು ಕಲಿಸಿದವಳು ಅವಳು. ಇವತ್ತು ನಿಮ್ಮೆಲ್ಲರ ತಟ್ಟೆಯಲ್ಲಿರುವುದು ಅದೇ: ಗಸಗಸೆ, ಸೇಬು, ಅಕ್ರೋಟು, ಪ್ಲಮ್ಮಿನ ಜಾಮು, ಒಂದರ ಮೇಲೊಂದು. ದಿನಕ್ಕೊಂದು ಪದರದಂತೆ ಮೂರು ದಿನ ಹೇಳಿದಳು. ಪ್ಲಮ್ಮಿನ ಪದರ ಉಳಿದಿತ್ತು.

ನಾಲ್ಕನೆಯ ದಿನ ಭಾನುವಾರ. ಮಧ್ಯಾಹ್ನ. ಹೊರಗೆ ಹಿಮ. ಅವಳಿಗೆ ಜ್ವರ ಏರಿತ್ತು. ಮಿಕ್ಕವರು ತೂಕಡಿಸುತ್ತಿದ್ದರು. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು, ‘ಸರೋಲ್ತಾ, ರೈಲು ಹತ್ತಿಸೋಕೆ ಮುಂಚೆ ನಮ್ಮನ್ನ ಕೂಡಿಹಾಕಿದ್ರಲ್ಲ, ಆ ಇಟ್ಟಿಗೆ ಗೂಡಿನ ಬೇಲಿ ಮೇಲಿಂದ ಮಗೂನ ಕೊಟ್ಟುಬಿಟ್ಟೆ ಕಣೇ. ಬಟ್ಟೆ ಒಗೆಯೋ ಹೆಂಗಸಿಗೆ. ನನ್ ಹೆಸರು ಹೇಳ್ದೆ, ಮಗು ಹೆಸರು ಹೇಳೋಷ್ಟರಲ್ಲಿ ನನ್ನ ಎಳ್ಕೊಂಡು ಹೋದ್ರು. ನೀನು ನೆನಪಿಟ್ಕೊ. ಅವಳ ಹೆಸರು...’ ಎಂದಳು.

ನಾನು ಕೇಳಿದೆ: ‘ಎಷ್ಟು ಮೊಟ್ಟೆ?’

ಇಪ್ಪತ್ತೊಂಬತ್ತು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಅದು ಅಭ್ಯಾಸಬಲ ಎಂದು, ಅವಳು ಬದುಕಲೆಂದೇ ಕೇಳಿದೆ ಎಂದು. ಇವತ್ತು ಬೀಳ್ಕೊಡುಗೆ. ಇನ್ನು ಸುಳ್ಳು ಯಾಕೆ? ನನಗೆ ಹಸಿವಾಗಿತ್ತು. ಪ್ಲಮ್ಮಿನ ಪದರ ಬೇಕಾಗಿತ್ತು. ಅವಳು ಇನ್ನು ಹೆಚ್ಚು ಹೊತ್ತು ಮಾತಾಡಲಾರಳೆಂದು ಗೊತ್ತಿತ್ತು.

ಹೆರ್ಮಿನಾ ನನ್ನನ್ನೇ ನೋಡಿದಳು. ‘ಐದು’ ಎಂದಳು. ‘ದೊಡ್ಡದಾದ್ರೆ ನಾಲ್ಕು.’ ಆಮೇಲೆ ಪ್ಲಮ್ಮನ್ನು ಬೀಜ ತೆಗೆದು, ಕುದಿಸಿ, ತಳ ಹಿಡಿಯದಂತೆ ತಿರುವುತ್ತ ಕೊನೆಯವರೆಗೂ ಹೇಳಿದಳು. ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹಾಜರಿಗೆ ಎದ್ದು ಬರಲಿಲ್ಲ.

ನಾನು ಉಳಿದೆ. ಈ ದೇಶಕ್ಕೆ ಬಂದೆ. ಈ ಅಡುಗೆಮನೆಗೆ ಸೇರಿದೆ. ಮೊದಲ ಸಲ ಫ್ಲೋದ್ನಿಗೆ ಹಿಟ್ಟು ಅಳೆದ ದಿನವೇ ಹೆರ್ಮಿನಾ ಬಂದಳು. ಗಸಗಸೆ ಡಬ್ಬಿಯ ಪಕ್ಕ ನಿಂತು, ‘ಸರೋಲ್ತಾ, ಮಗೂನ...’ ಎಂದಳು. ನನ್ನ ಬಾಯಿ ತಾನಾಗಿಯೇ ಕೇಳಿತು: ‘ಎಷ್ಟು ಮೊಟ್ಟೆ?’ ಅವಳು ಐದು ಎಂದು ಹೇಳಿ ಹೋದಳು. ಪ್ರತಿ ಸಲವೂ ಹೀಗೆಯೇ. ಪ್ರತಿ ಸಲವೂ ತುಟಿ ಕಚ್ಚಿಕೊಂಡು ನಿಲ್ಲುತ್ತೇನೆ, ಪ್ರತಿ ಸಲವೂ ಬಾಯಿ ಕೇಳಿಯೇ ಬಿಡುತ್ತದೆ.

ಮುದುಕಿಯ ಭ್ರಮೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಜೊತೆ ಕೆಲಸ ಮಾಡುವ ಝೊಹ್ರಾ ಮೊರಾಕ್ಕೋದವಳು. ನಾನು ಈ ವಿಷಯ ಅವಳಿಗೆ ಎಂದೂ ಹೇಳಿರಲಿಲ್ಲ. ಸೇರಿದ ಎರಡನೇ ವಾರ ಕೇಳಿದಳು: ‘ಅಕ್ಕಾ, ಗಸಗಸೆ ಡಬ್ಬಿ ಹತ್ರ ನಿಂತ್ಕೊತಾಳಲ್ಲ, ಯಾರವಳು? ಪಾಪ, ತಲೆ ಯಾಕೆ ಬೋಳಿಸಿದಾರೆ? ಚಳಿ ಆಗಲ್ವಾ ಅವಳಿಗೆ?’ ಮಾರನೆಯ ದಿನ ತನ್ನದೊಂದು ಉಣ್ಣೆಯ ಶಾಲು ತಂದು ಡಬ್ಬಿಯ ಮೇಲಿಟ್ಟಳು. ಅದು ಇವತ್ತು ಬೆಳಿಗ್ಗೆಯವರೆಗೂ ಅಲ್ಲೇ ಇತ್ತು.

ಮಕ್ಕಳೇ, ಮಧ್ಯಾಹ್ನದ ಹೊತ್ತು ಅಡುಗೆಮನೆಯಲ್ಲಿ ರೇಡಿಯೋ ಹಾಕಿ ‘ಶ್! ಸದ್ದು!’ ಎಂದು ನಿಮ್ಮನ್ನೆಲ್ಲ ಗದರಿಸುತ್ತಿದ್ದೆನಲ್ಲ, ದೊಡ್ಡಮ್ಮನಿಗೆ ಹಾಡಿನ ಹುಚ್ಚು ಎಂದು ನೀವು ನಗುತ್ತಿದ್ದಿರಿ. ನಾನು ಕಾಯುತ್ತಿದ್ದದ್ದು ಹಾಡಿಗಲ್ಲ. ಯುದ್ಧದಲ್ಲಿ ಕಳೆದುಹೋದ ಬಂಧುಗಳನ್ನು ಹುಡುಕುವವರ ಹೆಸರು ಓದುತ್ತಾರಲ್ಲ, ಅದಕ್ಕೆ. ಮೊನ್ನೆ ಚಳಿಗಾಲದಲ್ಲಿ ಓದಿದರು: ‘ಸೋವಿಯತ್ ದೇಶದಿಂದ ಹೊಸದಾಗಿ ಬಂದಿರುವ ಓಲೇನಾ ಎಂಬಾಕೆ, ಮುಂಕಾಚ್‌ನ ಹೆರ್ಮಿನಾಳನ್ನು ಕಂಡವರಿದ್ದರೆ ತಿಳಿಸಬೇಕೆಂದು ಕೋರುತ್ತಾರೆ.’ ನನ್ನ ಕೈಯಲ್ಲಿದ್ದ ಸೌಟು ಸಾರಿನ ಹಂಡೆಯೊಳಗೆ ಬಿತ್ತು. ಆವತ್ತು ಮಂಗಳವಾರವೇ ಆಗಿತ್ತು, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಓಲೇನಾ, ನೀವು ಕಾಗದ ಬರೆದಿರಿ. ಸಾಕುತಾಯಿ ಸಾಯುವಾಗಷ್ಟೇ ನಿಮಗೆ ನಿಜ ಹೇಳಿದರಂತೆ. ಓಲೇನಾ ಎಂಬುದು ಆಕೆ ಇಟ್ಟ ಹೆಸರಂತೆ. ಕಾಗದದ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದ್ದಿರಿ: ‘ನನ್ನ ಅಮ್ಮ ನನ್ನನ್ನ ಏನಂತ ಕರೀತಿದ್ಳು?’ ನಾನು ‘ಬನ್ನಿ, ಎದುರಿಗೇ ಹೇಳುತ್ತೇನೆ’ ಎಂದು ಬರೆದೆ. ನೀವು ಹಸಿರು ಕೋಟು ಹಾಕಿಕೊಂಡು, ಬಸ್ಸು ಹತ್ತಿ ಬಂದಿದ್ದೀರಿ.

ನನಗೆ ಗೊತ್ತಿಲ್ಲ, ಓಲೇನಾ. ನಿಮ್ಮ ಹೆಸರು ಅವಳ ನಾಲಿಗೆಯ ಮೇಲಿತ್ತು. ನಾನು ಅದರ ಬದಲಿಗೆ ಫ್ಲೋದ್ನಿ ತೆಗೆದುಕೊಂಡೆ. ಇಪ್ಪತ್ತನಾಲ್ಕು ವರ್ಷ ಅದನ್ನೇ ಬಡಿಸಿ ಈ ಹೂಮಾಲೆ ಹಾಕಿಸಿಕೊಂಡೆ. ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ಒಂದು ಮಾತು ಹೇಳಿ ಮುಗಿಸುತ್ತೇನೆ. ಇವತ್ತು ಬೆಳಿಗ್ಗೆ ಕೊನೆಯ ಸಲ ಹಿಟ್ಟು ಅಳೆದೆ. ಅವಳು ಬಂದಳು. ನಾನು ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತೆ. ಮೊದಲ ಸಲ ನನ್ನ ಬಾಯಿ ಏನೂ ಕೇಳಲಿಲ್ಲ. ಆದರೆ ಅವಳೂ ಏನೂ ಹೇಳಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈ ಸಭಾಂಗಣದಲ್ಲಿ ಕುರ್ಚಿ ಜೋಡಿಸುವ ಸದ್ದು ಕೇಳುತ್ತಿತ್ತು. ಅವಳು ಆ ಸದ್ದಿನ ಕಡೆಗೇ ಕಿವಿಗೊಟ್ಟು ನಿಂತಿದ್ದಳು. ಝೊಹ್ರಾ ಈಗ ತಾನೇ ಬಂದು ಹೇಳಿದಳು, ಡಬ್ಬಿಯ ಮೇಲೆ ಶಾಲು ಇಲ್ಲವಂತೆ.

ಅಧ್ಯಕ್ಷರಿಗೆ, ನಗರಸಭೆಯವರಿಗೆ, ಝೊಹ್ರಾಳಿಗೆ, ನನ್ನ ಹೆಣ್ಣುಮಕ್ಕಳಿಗೆ ವಂದನೆಗಳು. ಓಲೇನಾ ಅವರ ಪಕ್ಕದ ಕುರ್ಚಿಯಲ್ಲಿ ದಯವಿಟ್ಟು ಯಾರೂ ಕೂರಬೇಡಿ. ಚಪ್ಪಾಳೆಯನ್ನೂ ತಟ್ಟಬೇಡಿ. ನಾನು ಈಗ ಬಾಯಿ ಮುಚ್ಚಿಕೊಳ್ಳುತ್ತೇನೆ. ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಯಾರೂ, ಯಾರೂ ಏನನ್ನೂ ಕೇಳಬೇಡಿ. ಅವಳು ಹೇಳಲಿ.

ನಮಸ್ಕಾರ.