ಯಂತ್ರವನ್ನು ಹೆಸರು ಹಿಡಿದು ಕರೆಯತಕ್ಕದ್ದು

ಈ ಸಭೆಯ ಘನತೆವೆತ್ತ ಅಧ್ಯಕ್ಷರೂ, ಸೆಲಾಯಾ ನಗರದ ಮೆಕ್ಕೆಜೋಳದ ರೊಟ್ಟಿ ಬೇಯಿಸುವ ಸಮಸ್ತ ಟೋರ್ಟಿಯಾ ಯಂತ್ರಗಳಿಗೆ ಪಿತೃಸಮಾನರೂ, ನನಗೆ ಸಂಬಳ ಕೊಡುವ ಕಾರ್ಖಾನೆಯ ನಿರ್ದೇಶಕರೂ ಆದ ಇಂಜಿನಿಯರ್ ಎವೊದಿಯೋ ಬಾರ್ರಗಾನ್ ಅವರೇ. ಅಡಿಟಿಪ್ಪಣಿಗಳ ಮಹಾರಾಣಿಯೆಂದು ಹೆಸರಾದ ಪ್ರಾಧ್ಯಾಪಕಿ ಡಾ. ಹೆರ್ಲಿಂದಾ ಸಾಂತೊಯೋ ಅವರೇ. ಮೆಕ್ಸಿಕೋದ ಮೂಲೆಮೂಲೆಗಳಿಂದ ಬಸ್ಸು ಹತ್ತಿ ಬಂದಿರುವ ಕೈಪಿಡಿ ಬರಹಗಾರ ಬಂಧುಗಳೇ. ಕೈಪಿಡಿಗಳನ್ನು ಓದುವ ಸಭಿಕರೇ, ಅಂಥವರು ಯಾರಾದರೂ ಇದ್ದರೆ. ಕೈಪಿಡಿಯನ್ನು ಮಡಚಿ ಮೇಜಿನ ಕುಂಟುಕಾಲಿಗೆ ಒತ್ತುಕೊಡುವ ಬಹುಸಂಖ್ಯಾತ ಸಭಿಕರೇ. ಮತ್ತು ಕೊನೆಯ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿರುವ ನನ್ನ ಚಿಕ್ಕಮ್ಮ ಎಲ್ಪಿಡಿಯಾ ಅವರೇ.

‘ಗೊಲೊಂದ್ರಿನಾ’ ಟೋರ್ಟಿಯಾ ಯಂತ್ರದ ಬಳಕೆದಾರ ಕೈಪಿಡಿಗೆ ಈ ವರ್ಷದ ಅತ್ಯುತ್ತಮ ಕೈಪಿಡಿ ಪ್ರಶಸ್ತಿ ಬಂದಿದೆ. ಆ ಕೈಪಿಡಿಯನ್ನು ಬರೆದವನು ನಾನು. ಪ್ರಶಸ್ತಿಯ ಸುದ್ದಿ ಕೇಳಿ ನಿಮಗೆ ಸಂತೋಷವಾಯಿತೇ ಎಂದು ಊಟದ ಹೊತ್ತಿನಲ್ಲಿ ಹಲವರು ಕೇಳಿದಿರಿ. ಇಲ್ಲ, ಮಹನೀಯರೇ. ನನಗೆ ಆದದ್ದು ದಿಗ್ಭ್ರಮೆ. ಅದು ಇನ್ನೂ ಇಳಿದಿಲ್ಲ. ಈ ಫಲಕವನ್ನು ನಾನು ತಲೆಕೆಳಗಾಗಿ ಹಿಡಿದಿರುವುದನ್ನು ಮುಂದಿನ ಸಾಲಿನವರು ನೋಡಬಹುದು. ವಿನಯದಿಂದ ಹಾಗೆ ಹಿಡಿದಿದ್ದೇನೆಂದು ಅಂದುಕೊಂಡವರ ಒಳ್ಳೆಯ ಮನಸ್ಸಿಗೆ ಧನ್ಯವಾದ.

ಏಕೆ ದಿಗ್ಭ್ರಮೆ? ಹೇಳುತ್ತೇನೆ.

ಕೈಪಿಡಿ ಬರೆಯುವವರ ಕೋಣೆಯಲ್ಲಿ ಒಂದು ಪದ್ಧತಿಯುಂಟು. ಹೊರಗಿನವರಿಗೆ ಹೇಳುವಂಥದ್ದಲ್ಲ, ಆದರೆ ಇವತ್ತು ನಾವೆಲ್ಲ ಒಂದೇ ಮನೆಯವರು. ಕರಡನ್ನು ಪರಿಶೀಲನೆಗೆ ಕಳಿಸುವಾಗ ನಾವು ಅದರೊಳಗೆ ಒಂದು ನೊಣವನ್ನು ಬಿಡುತ್ತೇವೆ. ನೊಣವೆಂದರೆ ಒಂದು ಸುಳ್ಳು ಸೂಚನೆ, ಓದಿದವರ ಕಣ್ಣಿಗೆ ಬೀಳಲೇಬೇಕಾದಂಥದ್ದು. ಅದನ್ನು ಹಿಡಿದ ಪರಿಶೀಲಕರಿಗೆ ನಮ್ಮ ಖರ್ಚಿನಲ್ಲಿ ಹಂದಿಮಾಂಸದ ಕಾರ್ನಿತಾಸ್ ಊಟ. ಯಾರೂ ಹಿಡಿಯದಿದ್ದರೆ ನಾವೇ ಅದನ್ನು ತೆಗೆದು, ಶುದ್ಧಪ್ರತಿಯನ್ನು ಅಚ್ಚಿಗೆ ಕಳಿಸುತ್ತೇವೆ. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಯಾರಿಗೂ ಊಟ ಹಾಕಿಸಿಲ್ಲ.

ಗೊಲೊಂದ್ರಿನಾದ ಕೈಪಿಡಿಯಲ್ಲಿ ನಾನು ಬಿಟ್ಟ ನೊಣ ಏಳನೆಯ ಅಧ್ಯಾಯದ ಮೂರನೆಯ ಕಲಮು. ನಿಮ್ಮ ಅಪ್ಪಣೆ ಪಡೆದು ಓದುತ್ತೇನೆ: “ಪ್ರತಿದಿನ ಬೆಳಿಗ್ಗೆ ಉರಿ ಹೊತ್ತಿಸುವ ಮುನ್ನ ನಿರ್ವಾಹಕರು ಯಂತ್ರದ ಎದುರು ನಿಂತು, ಅದನ್ನು ಹೆಸರು ಹಿಡಿದು ಕರೆದು, ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸತಕ್ಕದ್ದು. ತೃಪ್ತಿಕರವಾದ ಮೌನದ ನಂತರವೇ ಗ್ಯಾಸ್ ತೆರೆಯತಕ್ಕದ್ದು.”

ನಗುತ್ತಿದ್ದೀರಿ. ನಾನೂ ಆಗ ನಕ್ಕಿದ್ದೆ. ಕರಡು ವಿನ್ಯಾಸ ವಿಭಾಗಕ್ಕೆ ಹೋಯಿತು, ಸಹಿಯಾಗಿ ಬಂತು. ಗುಣಮಟ್ಟ ವಿಭಾಗಕ್ಕೆ ಹೋಯಿತು, ಸಹಿಯಾಗಿ ಬಂತು. ಕಾನೂನು ವಿಭಾಗದವರು ‘ವಿಚಾರಿಸಬೇಕು’ ಎಂದಿದ್ದನ್ನು ‘ವಿಚಾರಿಸತಕ್ಕದ್ದು’ ಎಂದು ತಿದ್ದಿ ಸಹಿ ಹಾಕಿದರು. ಕೊನೆಗೆ ನಮ್ಮ ಅಧ್ಯಕ್ಷರ ಮೇಜಿಗೆ ಹೋಯಿತು. ಹೋದಷ್ಟೇ ಬೇಗ ಬಂತು. ನಾನು ನೊಣವನ್ನು ತೆಗೆದು ಶುದ್ಧಪ್ರತಿಯನ್ನು ಮುದ್ರಣದವರಿಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದ್ರಲ್ಲಿ ಒಂದ್ ಸಹೀನೂ ಇಲ್ವಲ್ಲ ಮಾರಾಯ. ಸಹಿ ಇರೋದು ಆ ಇನ್ನೊಂದ್ರಲ್ಲಿ. ನಾವು ಸಹಿ ಇರೋದನ್ನೇ ಅಚ್ಚು ಹಾಕೋದು” ಎಂದರು. ಅದು ತಪ್ಪು ಪ್ರತಿ ಎಂದೆ. “ಇಂಜಿನಿಯರ್ ಸಾಹೇಬ್ರು ಸಹಿ ಮಾಡಿರೋದು ತಪ್ಪು ಅಂತ ನೀನು ಬರೆದುಕೊಡ್ತೀಯಾ?” ಎಂದರು.

ಮಹನೀಯರೇ, ನಿಮ್ಮಲ್ಲಿ ಯಾರು ಬರೆದುಕೊಡುತ್ತಿದ್ದಿರಿ? ಕೈ ಎತ್ತಿ. ನೋಡಿದಿರಾ.

ಹೀಗೆ ನೊಣ ಅಚ್ಚಾಯಿತು. ಹೋಗಲಿ, ಓದುವವರಾದರೂ ಯಾರು ಎಂದು ನಾನು ಸಮಾಧಾನ ಮಾಡಿಕೊಂಡೆ. ಇದು ನಮ್ಮ ವೃತ್ತಿಯ ಏಕೈಕ ಸಮಾಧಾನ.

ಈಗ ನನ್ನ ಚಿಕ್ಕಮ್ಮನ ವಿಷಯ. ಸಾಲ್ವಾತಿಯೆರ್ರಾದ ಮಾರುಕಟ್ಟೆಯ ಹಿಂದೆ ಅವರ ಟೋರ್ಟಿಯಾ ಅಂಗಡಿ. ನಾನು ಬೆಳೆದದ್ದು ಅದರ ಗಲ್ಲಾದ ಕೆಳಗೆ. ಮೆಕ್ಕೆಜೋಳ ಬೇಯುವ ಸುಣ್ಣದ ನೀರಿನ ವಾಸನೆ ಬಂದರೆ ಇವತ್ತಿಗೂ ನನಗೆ ಶಾಲೆಗೆ ತಡವಾಯಿತೆಂದೇ ಅನಿಸುತ್ತದೆ. ಕಳೆದ ವರ್ಷ ಚಿಕ್ಕಮ್ಮ ಹಳೆಯ ಯಂತ್ರವನ್ನು ಮಾರಿ ಗೊಲೊಂದ್ರಿನಾ ತಂದರು. “ನಮ್ ಹುಡುಗ ಕೆಲಸ ಮಾಡೋ ಕಾರ್ಖಾನೇದು” ಎಂದು ಸಾಲಿನಲ್ಲಿ ನಿಂತವರಿಗೆಲ್ಲ ತೋರಿಸಿದರು. ಪಾದ್ರಿಯನ್ನು ಕರೆಸಿ ಪವಿತ್ರಜಲ ಪ್ರೋಕ್ಷಣೆ ಮಾಡಿಸಿದರು. ಈ ವರ್ಷದ ಹಬ್ಬದ ಹಿಂದಿನ ದಿನ, ಬಿಸಿ ಟೋರ್ಟಿಯಾ ಕಟ್ಟಿಕೊಳ್ಳಲು ಬಟ್ಟೆ ಹಿಡಿದು ನಿಂತ ಜನರ ಸಾಲು ಬೀದಿಯ ತಿರುವು ದಾಟಿದ್ದಾಗ, ಅದರ ಮೋಟಾರು ಸುಟ್ಟುಹೋಯಿತು.

ನಮ್ಮ ತಂತ್ರಜ್ಞ ಚೆಮಾ ಹೋಗಿ ಬಿಚ್ಚಿ ನೋಡಿದ. ಸುರುಳಿಯ ಸುತ್ತೇ ಸರಿಯಿಲ್ಲ, ಕಾರ್ಖಾನೆಯಿಂದಲೇ ಬಂದ ದೋಷ ಎಂದ. ಆದರೆ ವಾರಂಟಿಗೆ ಕೇಳಲೇಬೇಕಾದ ಪ್ರಶ್ನೆಗಳು ಅವನ ಬಳಿಯಿದ್ದವು.

“ದೋನ್ಯಾ ಎಲ್ಪಿಡಿಯಾ, ಬೇಜಾರು ಮಾಡ್ಕೋಬೇಡಿ. ದಿನಾ ಬೆಳಿಗ್ಗೆ ಮಿಷನ್ನನ್ನ ಹೆಸರು ಹಿಡಿದು ಕರೀತಿದ್ರಾ?”

“ಕರೀತಿದ್ದೆ ಕಣಪ್ಪ. ಆ ಹೆಸರನ್ನ ನಿನ್ ಮುಂದೆ ಹೇಳೋ ಹಾಗಿಲ್ಲ.”

“ರಾತ್ರಿ ನಿದ್ದೆ ಬಂತಾ ಅಂತ ಕೇಳ್ತಿದ್ರಾ?”

“ಅದು ಮಲಗಿದ್ರೇ ತಾನೇ ನಾನು ಬೈಯೋದು? ಏನ್ ಕೇಳ್ತಿದೀಯ ನೀನು, ಬಿಸಿಲು ಬಡೀತಾ?”

ಚೆಮಾ ಪ್ರಾಮಾಣಿಕ ಮನುಷ್ಯ. ಕೇಳಿದ್ದನ್ನು ಕೇಳಿದ ಹಾಗೇ ವರದಿ ಮಾಡಿದ. ಕಾನೂನು ವಿಭಾಗ ಉತ್ತರಿಸಿತು: ಗ್ರಾಹಕರು ಏಳನೆಯ ಅಧ್ಯಾಯದ ಮೂರನೆಯ ಕಲಮನ್ನು ಉಲ್ಲಂಘಿಸಿರುವುದಲ್ಲದೆ ಯಂತ್ರವನ್ನು ನಿಂದಿಸಿರುವುದಾಗಿಯೂ ಒಪ್ಪಿಕೊಂಡಿರುವುದರಿಂದ ವಾರಂಟಿ ರದ್ದಾಗಿದೆ.

ಮಹನೀಯರೇ, ನಾನು ಕಲ್ಲಾದೆ. ಯಾರೂ ಓದುವುದಿಲ್ಲವೆಂದು ನಂಬಿ ಬದುಕಿದವನು ನಾನು. ಕರಡು ಕೈಗೆ ಬಂದಾಗ ಓದದವರು, ಸಹಿ ಹಾಕುವಾಗ ಓದದವರು, ಒಬ್ಬ ಹೆಂಗಸಿನ ಅಂಗಡಿ ಮುಚ್ಚಿಸುವುದಕ್ಕೆ ಮಾತ್ರ ಹುಡುಕಿ ಹುಡುಕಿ ಓದುತ್ತಾರೆ! ಅಧ್ಯಾಯ ಸಮೇತ, ಕಲಮು ಸಮೇತ ಉಲ್ಲೇಖಿಸುತ್ತಾರೆ!

ಚಿಕ್ಕಮ್ಮ ಫೋನು ಮಾಡಿದರು.

“ನಜಾರಿಯೋ, ಮಗಾ, ಆ ಪುಸ್ತಕ ಬರೆದ ಕತ್ತೆ ಯಾರು ಅಂತ ನಿಂಗೇನಾದ್ರೂ ಗೊತ್ತಾ?”

“ಯಾಕೆ ಚಿಕ್ಕಮ್ಮ?”

“ಸಿಕ್ಕಿದ್ರೆ ಅವನ ನಾಲಿಗೇನ ಕಾವಲಿ ಮೇಲೆ ಹಾಕಿ ಎರಡೂ ಕಡೆ ಬೇಯಿಸ್ತೀನಿ.”

“ವಿಚಾರಿಸ್ತೀನಿ ಚಿಕ್ಕಮ್ಮ.”

ಅಂದಿನಿಂದ ಅವರು ಕೈಯಲ್ಲೇ ಒತ್ತುತ್ತಿದ್ದಾರೆ. ಕೈಯಲ್ಲಿ ಒತ್ತಿದ್ದಕ್ಕೆ ರುಚಿ ಹೆಚ್ಚೆಂದು ಮೆಚ್ಚುವವರು ಬಹಳ, ಅದಕ್ಕಾಗಿ ಕಾಯುವವರು ಕಡಿಮೆ. ಸಾಲು ಎದುರಿನ ಅಂಗಡಿಗೆ ತಿರುಗಿದೆ. ಹೋದ ಭಾನುವಾರ ನಾನು ಹೋದಾಗ ಚಿಕ್ಕಮ್ಮ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು. ತಟ್ಟೆ ಎತ್ತಲಾಗದೆ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. “ಈ ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಾಗಿಲು ಹಾಕ್ತೀನಿ. ನೀನು ತಿನ್ನು” ಎಂದರು. ನಾನು ತಿಂದೆ. ಏನು ತಿಂದೆನೆಂದು ನೆನಪಿಲ್ಲ.

ಈ ಭಾಗ ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ. ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಇಷ್ಟಾದ ಮೇಲೆ ಬಂತು ಪ್ರಶಸ್ತಿಯ ಸುದ್ದಿ. ಡಾ. ಹೆರ್ಲಿಂದಾ ಅವರು ಈಗತಾನೆ ಓದಿದ ಅಭಿನಂದನಾ ಪತ್ರವನ್ನು ನೀವೂ ಕೇಳಿದಿರಿ. “ಮನುಷ್ಯ ಮತ್ತು ಯಂತ್ರದ ನಡುವೆ ಕುಶಲಪ್ರಶ್ನೆಯ ಸೇತುವೆ ಕಟ್ಟಿದ ಏಳನೆಯ ಅಧ್ಯಾಯದ ಮೂರನೆಯ ಕಲಮಿಗಾಗಿ ವಿಶೇಷವಾಗಿ” ಈ ಪ್ರಶಸ್ತಿಯಂತೆ. ಅದರ ಮೇಲೆ ಅವರು ಪ್ರಬಂಧ ಬರೆದಿದ್ದಾರೆ. ಅವರ ಪ್ರಬಂಧವನ್ನು ಉಲ್ಲೇಖಿಸಿ ಅವರ ವಿದ್ಯಾರ್ಥಿಗಳು ಬರೆದಿದ್ದಾರೆ. ‘ತೃಪ್ತಿಕರವಾದ ಮೌನ’ ಎಂಬುದರ ಬಗ್ಗೆಯೇ ಮಧ್ಯಾಹ್ನ ಇದೇ ಸಭಾಂಗಣದಲ್ಲಿ ಗೋಷ್ಠಿ ನಡೆಯಿತು, ಮತ್ತು ಅಲ್ಲಿ ಜಗಳವಾಯಿತು! ನಾನು ಹಿಂದಿನ ಕುರ್ಚಿಯಲ್ಲಿ ಕೂತು ಬೆವರಿದೆ.

ಚಿಕ್ಕಮ್ಮ, ಇಷ್ಟು ಹೊತ್ತಿಗೆ ನಿಮಗೆ ತಿಳಿದಿರಬಹುದು. ಆ ಕತ್ತೆ ನಾನೇ. ದಯವಿಟ್ಟು ಕೂತುಕೊಳ್ಳಿ. ಕೈಚೀಲ ಕೆಳಗಿಡಿ.

ಏಕೆಂದರೆ ಒಳ್ಳೆಯ ಸುದ್ದಿಯಿದೆ. ನಮ್ಮ ಅಧ್ಯಕ್ಷರು ತಮ್ಮ ಭಾಷಣದಲ್ಲಿ, “ನನ್ನ ಸಹಿ ಬೀಳುವ ಮುನ್ನ ಕೈಪಿಡಿಯ ಪ್ರತಿಯೊಂದು ಸಾಲೂ ನನಗೆ ಬಾಯಿಪಾಠವಾಗಿರುತ್ತದೆ” ಎಂದು ಎದೆ ತಟ್ಟಿ ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಆದ್ದರಿಂದ ಅವರಿಗೆ ಹನ್ನೊಂದನೆಯ ಅಧ್ಯಾಯದ ಆರನೆಯ ಕಲಮನ್ನು ನೆನಪಿಸುವುದು ಸೂರ್ಯನಿಗೆ ಟಾರ್ಚು ಹಿಡಿದಂತೆ. ಆದರೂ ಸಭಿಕರಿಗಾಗಿ ಹೇಳುತ್ತೇನೆ: “ಈ ಕೈಪಿಡಿಗೆ ಯಾವುದೇ ಸಾರ್ವಜನಿಕ ಪ್ರಶಸ್ತಿ ಸಂದಲ್ಲಿ, ಅದೇ ವರ್ಷ ಮೋಟಾರು ಸುಟ್ಟ ಯಂತ್ರಕ್ಕೆ ಬದಲಾಗಿ ಹೊಸ ಯಂತ್ರವನ್ನು, ಗ್ರಾಹಕರ ಮಾತುಗಳನ್ನು ಲೆಕ್ಕಿಸದೆ, ಉಚಿತವಾಗಿ ಕೊಡತಕ್ಕದ್ದು.”

ಇಂಜಿನಿಯರ್ ಸಾಹೇಬರೇ, ನೆನಪಿದೆಯಲ್ಲವೇ? ತಲೆಯಾಡಿಸಿದರು! ನೋಡಿದಿರಾ, ಎಷ್ಟು ಗಂಭೀರವಾಗಿ ತಲೆಯಾಡಿಸಿದರು! “ಹೌದು ಹೌದು, ಅದು ನನ್ನದೇ ಸಲಹೆ” ಎಂದು ಡಾಕ್ಟರಮ್ಮನವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲಿ ಕೇಳಿಸಿತು. ನಾನು ಮತ್ತೊಮ್ಮೆ ದಂಗಾದೆ, ಸಾಹೇಬರೇ. ಆ ಕಲಮಿನ ಪ್ರಕಾರ ಒಂದು ಆಜ್ಞಾಪತ್ರ ತಂದಿದ್ದೇನೆ. ಇಗೋ ಪೆನ್ನು. ಅವಸರವಿಲ್ಲ, ದಯವಿಟ್ಟು ಪೂರ್ತಿ ಓದಿ ಆಮೇಲೆ... ಓ, ಸಹಿ ಆಗಿಯೇ ಹೋಯಿತು.

ಚಪ್ಪಾಳೆ ಜೋರಾಗಿರಲಿ. ಚಿಕ್ಕಮ್ಮ, ಬನ್ನಿ, ಇಲ್ಲಿಂದಲೇ ಕೈಗೆ ತೆಗೆದುಕೊಳ್ಳಿ. ಚೀಲದಲ್ಲಿಡಿ. ಹೊರಗೆ ಚೆಮಾ ಲಾರಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಅಲ್ಲಿಂದ ನೇರ ಗೋದಾಮಿಗೆ. ನನ್ನ ನಾಲಿಗೆಯ ವಿಷಯ ಭಾನುವಾರ ಮಾತಾಡೋಣ. ಹಾ, ಯಂತ್ರ ಬಂದ ಮೇಲೆ ಅದಕ್ಕೊಂದು ಸಭ್ಯವಾದ ಹೆಸರಿಡಿ.

ಕೈಪಿಡಿ ಬರಹಗಾರರ ಸಂಘಕ್ಕೆ, ಅಧ್ಯಕ್ಷರಿಗೆ, ಡಾಕ್ಟರಮ್ಮನವರಿಗೆ, ಬಿಸಿಬಿಸಿ ತಮಾಲೆ ಬಡಿಸಿದ ಅಡುಗೆಯವರಿಗೆ, ನಿದ್ದೆ ಮಾಡದೆ ಕೇಳಿದ ನಿಮಗೆಲ್ಲರಿಗೂ ನನ್ನ ಅನಂತ ವಂದನೆಗಳು. ಲಾರಿ ಹೊರಟ ಸದ್ದು ಕೇಳಿಸಿತಲ್ಲವೇ? ಕೇಳಿಸಿತು. ಹಾಗಿದ್ದರೆ ಕೊನೆಯದಾಗಿ ಒಂದು ಸಣ್ಣ ತಿದ್ದುಪಡಿ, ಮುಂದೆ ಪ್ರಬಂಧ ಬರೆಯುವವರ ಅನುಕೂಲಕ್ಕಾಗಿ: ಹನ್ನೊಂದನೆಯ ಅಧ್ಯಾಯವನ್ನು ಎಲ್ಲಿಯೂ ಉಲ್ಲೇಖಿಸಬೇಡಿ. ನಮ್ಮ ಕೈಪಿಡಿಯಲ್ಲಿ ಇರುವುದು ಹತ್ತೇ ಅಧ್ಯಾಯ.

ನಮಸ್ಕಾರ.